ಓದುಗರ ಪ್ರಶ್ನೆ: ‘ನಾವು’ ಎಂದರೆ ಯಾರೆಲ್ಲ?

ಈ ಸಲ ಕಾಸರಗೋಡು ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ರಚನಾವಾದದ (ಬಿಡಿ ಭಾಗಗಳ ಅರ್ಥ ಅವುಗಳ ನಡುವಿನ ಸಂಬಂಧದಿಂದ ಹುಟ್ಟುತ್ತದೆ ಎನ್ನುವ ವಾದ) ಸುತ್ತಲೇ ಇವೆ. ಪರೀಕ್ಷೆ ಹತ್ತಿರ ಬಂದಿರಬೇಕು. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

“ಭಾಷೆಯಲ್ಲಿ ಇರುವುದು ವ್ಯತ್ಯಾಸಗಳು ಮಾತ್ರ” ಎಂದು ಭಾಷಾವಿಜ್ಞಾನಿ ಸೊಸ್ಯೂರ್ ಹೇಳಿದ್ದಾಗಿ ಎಲ್ಲ ಗೈಡುಗಳಲ್ಲೂ ಇದೆ. ಉದಾಹರಣೆಗೆ ಫ್ರೆಂಚರ ಕುರಿ, ಇಂಗ್ಲಿಷರ ಮಟನ್ (ಕುರಿಗೂ ಅದರ ಮಾಂಸಕ್ಕೂ ಫ್ರೆಂಚಿನಲ್ಲಿ ಒಂದೇ ಪದ, ಇಂಗ್ಲಿಷಿನಲ್ಲಿ ಎರಡು). ನಮ್ಮೂರಿನ ಉದಾಹರಣೆ ಒಂದಾದರೂ ಇಲ್ಲವೇ?
(ಎಂ.ಎ. ಕನ್ನಡ ವಿದ್ಯಾರ್ಥಿನಿ, ಬದಿಯಡ್ಕ)

ಇದೆ, ಅದೂ ನಿಮ್ಮ ಬಾಯಲ್ಲೇ ಇದೆ. “ನಾಳೆ ನಾವು ಕುಂಬಳೆಗೆ ಹೋಗುತ್ತೇವೆ” ಎಂದು ಗೆಳತಿಗೆ ಹೇಳಿ ನೋಡಿ. ತಾನೂ ಹೊರಡಬೇಕೋ ಬೇಡವೋ ಎಂದು ಅವಳು ಕೇಳಲೇಬೇಕಾಗುತ್ತದೆ. ಬರಹದ ಕನ್ನಡದಲ್ಲಿ ‘ನಾವು’ ಒಂದೇ. ತುಳುವಿನಲ್ಲಿ ಎರಡಿವೆ: ಕೇಳುವವರನ್ನು ಬಿಟ್ಟರೆ ‘ಎಂಕುಳು’, ಸೇರಿಸಿಕೊಂಡರೆ ‘ನಮ’. ಮಲೆಯಾಳದಲ್ಲಿಯೂ ಹಾಗೆಯೇ, ‘ಞಂಙಳ್’ ಮತ್ತು ‘ನಮ್ಮಳ್’. ಹವ್ಯಕ ಮನೆಗಳಲ್ಲಿ ‘ಎಂಗೊ’ ಎಂದರೆ ನೀವು ಸೇರಿಲ್ಲ, ‘ನಾವು’ ಎಂದರೆ ನೀವೂ ಸೇರಿದ್ದೀರಿ.

ಈಗ ಹವ್ಯಕರ ‘ನಾವು’ ಮತ್ತು ಪಠ್ಯಪುಸ್ತಕದ ‘ನಾವು’ ಎರಡನ್ನೂ ಪಕ್ಕಪಕ್ಕ ಇಡಿ. ಅಕ್ಷರ ಒಂದೇ, ಉಚ್ಚಾರ ಒಂದೇ, ಸೂಚಿಸುವುದೂ ಮಾತಾಡುವವರನ್ನು ಒಳಗೊಂಡ ಗುಂಪನ್ನೇ. ಆದರೂ ಎರಡರ ಬೆಲೆ ಬೇರೆ, ಏಕೆಂದರೆ ಒಂದರ ಪಕ್ಕದಲ್ಲಿ ‘ಎಂಗೊ’ ಕೂತಿದೆ, ಇನ್ನೊಂದರ ಪಕ್ಕದಲ್ಲಿ ಯಾರೂ ಇಲ್ಲ. ಸೊಸ್ಯೂರ್ ‘ಮೌಲ್ಯ’ ಎಂದು ಕರೆದದ್ದು ಇದನ್ನೇ. ಪದದ ಮೌಲ್ಯವನ್ನು ಪದದೊಳಗೆ ಹುಡುಕಿದರೆ ಸಿಗದು, ಅದರ ನೆರೆಹೊರೆಯಲ್ಲಿ ಸಿಗುತ್ತದೆ.

ಧ್ವನಿಯ ಮಟ್ಟದಲ್ಲೂ ಒಂದು ಉದಾಹರಣೆ ಬೇಕಿದ್ದರೆ ಹಳಗನ್ನಡದ ೞ ಇದೆ. ಆಗ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ೞ ಅಳಿದು ಎರಡೂ ‘ಬಾಳು’ ಆದವು. ಮಲೆಯಾಳದಲ್ಲಿ ‘ವಾಳ್’, ‘ವಾೞ್’ ಇಂದಿಗೂ ಬೇರೆ ಬೇರೆ. ಗಮನಿಸಬೇಕಾದ್ದು ೞ ಹೋದದ್ದಷ್ಟನ್ನೇ ಅಲ್ಲ, ಉಳಿದ ಳ ಕೂಡ ಹಳೆಯ ಳ ಅಲ್ಲ. ಮೊದಲು ಅದು ‘ಲ ಅಲ್ಲದ್ದು, ೞ-ವೂ ಅಲ್ಲದ್ದು’. ಈಗ ಬರೀ ‘ಲ ಅಲ್ಲದ್ದು’. ಚೆನ್ನೆಮಣೆಯಲ್ಲಿ ಕಾಳೊಂದು ಕಳೆದುಹೋದರೆ ಹುಣಸೆಬೀಜ ಹಾಕಿ ಆಟ ಮುಂದುವರಿಸಬಹುದು. 14 ಗುಳಿಗಳಲ್ಲಿ ಒಂದನ್ನು ಮುಚ್ಚಿಬಿಟ್ಟರೆ ಮಾತ್ರ ಉಳಿದ 13ರ ಲೆಕ್ಕವೂ ತಪ್ಪುತ್ತದೆ. ೞ ಹೋದದ್ದು ಗುಳಿ ಮುಚ್ಚಿದ ಹಾಗೆ.

ಪರೀಕ್ಷೆಗೆ ಬೇಕಾದ ಎರಡು ಎಚ್ಚರಿಕೆ. ಸೂಚಕವನ್ನೂ (ಪದದ ಧ್ವನಿರೂಪ) ಸೂಚಿತವನ್ನೂ (ಅದರ ಅರ್ಥ) ಬಿಡಿಬಿಡಿಯಾಗಿ ನೋಡಿದಾಗ ಮಾತ್ರ ‘ವ್ಯತ್ಯಾಸ ಬಿಟ್ಟು ಬೇರೇನಿಲ್ಲ’ ಎಂಬ ಮಾತು ನಿಲ್ಲುತ್ತದೆ. ಎರಡೂ ಕೂಡಿದ ಚಿಹ್ನೆಯನ್ನು ಸೊಸ್ಯೂರ್ ಗಟ್ಟಿಯಾಗಿ ‘ಇರುವ’ ಸಂಗತಿ ಎಂದೇ ಹೇಳುತ್ತಾನೆ. ಗೈಡುಗಳು ಈ ಎರಡನೆಯ ಭಾಗವನ್ನು ನುಂಗಿಬಿಡುತ್ತವೆ. ಇನ್ನೊಂದು: “ಸೊಸ್ಯೂರ್ 1916ರಲ್ಲಿ ಬರೆದ ಪುಸ್ತಕ” ಎಂದು ಬರೆಯಬೇಡಿ. ಅವನು ತೀರಿಕೊಂಡದ್ದು 1913ರಲ್ಲಿ. 1907ರಿಂದ 1911ರ ನಡುವೆ ಜಿನೀವಾದಲ್ಲಿ ಮೂರು ಬಾರಿ ಮಾಡಿದ ಪಾಠಗಳನ್ನು ವಿದ್ಯಾರ್ಥಿಗಳ ಟಿಪ್ಪಣಿಗಳಿಂದ ಜೋಡಿಸಿ ಪುಸ್ತಕ ಮಾಡಿದವರು ಅವನ ಸಹೋದ್ಯೋಗಿಗಳಾದ ಶಾರ್ಲ್ ಬಾಯಿ (Bally) ಮತ್ತು ಆಲ್ಬೇರ್ ಸೆಶೆಯೆ. ಆ ಪಾಠಗಳಿಗೆ ಅವರಿಬ್ಬರೂ ಕೂತವರಲ್ಲ.

ನನ್ನ ತರಗತಿಯಲ್ಲಿ ಮನೆಮಾತು ಮಲೆಯಾಳವಾಗಿರುವ ಮಕ್ಕಳು “ಅಕ್ಕ ಬಂದ”, “ನಾನು ಬಂದ” ಎಂದು ಬರೆಯುತ್ತಾರೆ. ನೂರು ಸಲ ತಿದ್ದಿದರೂ ಮತ್ತೆ ಅದೇ. ಭಾಷಾವಿಜ್ಞಾನದಲ್ಲಿ ಇದಕ್ಕೆ ಮದ್ದು ಇದೆಯೇ?
(ಹೈಸ್ಕೂಲು ಟೀಚರ್, ಮುಳ್ಳೇರಿಯ)

ಇದೆ ಟೀಚರ್. ಅದಕ್ಕೆ ಮೊದಲು ರೋಗ ಯಾವುದೆಂದು ನೋಡೋಣ. ಮಲೆಯಾಳದಲ್ಲಿ ‘ಞಾನ್ ವನ್ನು, ಅವಳ್ ವನ್ನು, ಅವರ್ ವನ್ನು’. ಬಂದವರು ಯಾರೇ ಆಗಲಿ, ಕ್ರಿಯಾಪದ ಕದಲುವುದಿಲ್ಲ. ಕನ್ನಡದ ಕ್ರಿಯಾಪದಕ್ಕೆ ಕೊನೆಯಲ್ಲಿ ಇನ್ನೊಂದು ಖಾನೆ ಇದೆ. ಬಂದವರು ಯಾರೆಂಬುದು ಅಲ್ಲಿ ತುಂಬಬೇಕು. ಆ ಮಕ್ಕಳು ಖಾನೆಯನ್ನು ತಪ್ಪಾಗಿ ತುಂಬುತ್ತಿಲ್ಲ, ಖಾನೆ ಇದೆ ಎಂಬುದೇ ಅವರ ಕಣ್ಣಿಗೆ ಬಿದ್ದಿಲ್ಲ. ಆದ್ದರಿಂದ ಕೆಂಪು ಶಾಯಿಯಲ್ಲಿ ‘ಬಂದಳು’ ಎಂದು ಬರೆದು ಕೊಟ್ಟರೆ ಅವರು ಆ ಒಂದು ಪದವನ್ನು ಕಲಿಯುತ್ತಾರೆ, ಖಾನೆಯನ್ನಲ್ಲ.

ಹಲಗೆಯ ಮೇಲೆ ಮೂರು ಕಂಬಸಾಲು ಎಳೆಯಿರಿ. ಮೊದಲನೆಯದರಲ್ಲಿ ಕರ್ತೃ, ಎರಡನೆಯದರಲ್ಲಿ ‘ಮಾಡಿದ್-’, ಮೂರನೆಯದು ಖಾಲಿ. ಕರ್ತೃವನ್ನು ಮಾತ್ರ ಬದಲಿಸುತ್ತಾ ಮೂರನೆಯ ಸಾಲನ್ನು ಮಕ್ಕಳಿಂದಲೇ ತುಂಬಿಸಿ: ಅಣ್ಣ -ಅನು, ಅಕ್ಕ -ಅಳು, ಟೀಚರ್ -ಅರು. ಈ ಮೂರು ಬಾಯಿಗೆ ಕೂರುವ ತನಕ ನಾಲ್ಕನೆಯದಕ್ಕೆ ಹೋಗಬೇಡಿ. ಆಮೇಲೆ ಆಟವನ್ನು ತಿರುಗಿಸಿ. ಮೊದಲ ಸಾಲು ಮುಚ್ಚಿ, “ಮಾಡಿದಳು” ಎಂದಷ್ಟೇ ಹೇಳಿ, ಮಾಡಿದ್ದು ಅಣ್ಣನೋ ಅಕ್ಕನೋ ಎಂದು ಕೇಳಿ. ಈ ತಿರುಗುಮುರುಗನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆದರೆ ಕೊನೆಯ ತುಂಡಿಗೂ ಅರ್ಥವಿದೆ ಎಂದು ಮಗುವಿಗೆ ಗೊತ್ತಾಗುವುದು ಇಲ್ಲೇ.

ಎಡವುವ ಜಾಗಗಳನ್ನೂ ಹೇಳಿಬಿಡುತ್ತೇವೆ. ‘ಬರು’ ಧಾತುವಿನಿಂದ ಶುರು ಮಾಡಬೇಡಿ. ‘ಬಂದಳು’ ಕಲಿತ ಬೆನ್ನಿಗೇ ‘ನಾಯಿ ಬಂತು’ ಎದುರಾಗಿ ಲೆಕ್ಕ ಕೆಡುತ್ತದೆ. ‘ನಾನು ಬಂದೆ’, ‘ನೀನು ಬಂದೆ’ ಎರಡೂ ಆಡುಮಾತಿನಲ್ಲಿ ಒಂದೇ ಆಗುವುದರಿಂದ ಅವನ್ನೂ ಕೊನೆಗೆ ಇಡಿ. ಎಲ್ಲಕ್ಕಿಂತ ಮುಖ್ಯವಾಗಿ, ‘ಇಲ್ಲ’ ಸೇರಿದ ವಾಕ್ಯಗಳಿಂದ ಪರೀಕ್ಷೆ ಮಾಡಬೇಡಿ. ‘ನಾನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ’: ಇಲ್ಲಿ ಕನ್ನಡವೂ ಮಲೆಯಾಳದ ಹಾಗೆಯೇ. ಎಲ್ಲರಿಗೂ ಪೂರ್ತಿ ಅಂಕ ಬರುತ್ತದೆ, ಕಲಿತರು ಎಂದು ನೀವು ಅಂದುಕೊಳ್ಳುತ್ತೀರಿ, ಮರುದಿನ ಮತ್ತೆ “ಅಕ್ಕ ಬಂದ”.

ನಮ್ಮ ಊರಿನ ಮಾತಿನ ಧ್ವನಿಮಾಗಳನ್ನು (ಅರ್ಥಭೇದ ಮಾಡುವ ಧ್ವನಿಗಳನ್ನು) ಪಟ್ಟಿ ಮಾಡುವ ಕಿರು ಯೋಜನೆ ಕೊಟ್ಟಿದ್ದಾರೆ. ಎಲ್ಲಿಂದ ಶುರು ಮಾಡಲಿ?
(ಪೆರ್ಲದಿಂದ ಒಬ್ಬರು)

ವರ್ಣಮಾಲೆಯನ್ನು ಮರೆಯುವುದರಿಂದ. ಅಕ್ಷರ ಎದುರಿಗಿದ್ದರೆ ಕಿವಿ ಕೆಲಸ ಮಾಡುವುದಿಲ್ಲ. ತುಳುವನ್ನೇ ನೋಡಿ. ಕನ್ನಡ ಲಿಪಿಯಲ್ಲಿ ‘ಮಲ್ಪುವೆ’ ಎಂದು ಒಂದೇ ರೀತಿ ಬರೆದರೂ ‘ನಾನು ಮಾಡುತ್ತೇನೆ’ ಎನ್ನುವಾಗ ಕೊನೆಯ ಸ್ವರಕ್ಕೆ ಬಾಯಿ ಅಗಲ ತೆರೆಯುತ್ತದೆ, ‘ಅವನು ಮಾಡುತ್ತಾನೆ’ ಎನ್ನುವಾಗ ಇಲ್ಲ. ಕಾಗದ ನೋಡಿ ಪಟ್ಟಿ ಮಾಡಿದವರಿಗೆ ಇಲ್ಲಿ ಒಂದು ಧ್ವನಿಮಾ ಸಿಗುತ್ತದೆ, ಕೇಳಿ ಮಾಡಿದವರಿಗೆ ಎರಡು.

ಮನೆ, ಅಡುಗೆ, ತೋಟ, ಮೈಯ ಅಂಗ, ನೆಂಟಸ್ತಿಕೆ ಇವುಗಳಿಗೆ ಸೇರಿದ ಸುಮಾರು 200 ಪದಗಳನ್ನು ಹಿರಿಯರೊಬ್ಬರಿಂದ ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಬಿಡಿ ಪದ ಹೇಳಿಸಬೇಡಿ. ಯಾರೂ ಬಿಡಿ ಪದ ಆಡುವುದಿಲ್ಲ, ಪಟ್ಟಿ ಓದುವಾಗ ದನಿ ಏರಿಳಿದು ಮೋಸ ಮಾಡುತ್ತದೆ. “ಅವನು ಇವತ್ತು ಇಂಥದ್ದು ಅಂತ ಹೇಳಿದ” ಎಂಬಂಥ ಒಂದೇ ವಾಕ್ಯದಲ್ಲಿ ಕೂರಿಸಿ ಹೇಳಿಸಿ. ಆಮೇಲೆ ಒಂದೇ ಜಾಗದಲ್ಲಿ ಒಂದೇ ಧ್ವನಿ ಬೇರೆಯಾಗಿರುವ ಜೋಡಿಗಳನ್ನು ಹೆಕ್ಕಿ: ಮನೆ–ಮಣೆ, ಬಲೆ–ಬಳೆ, ಕೊಡು–ಕೋಡು, ಪಾಲು–ಹಾಲು.

ಜೋಡಿ ನಿಜವೋ ಸುಳ್ಳೋ ಎಂದು ತಿಳಿಯಲು ಮುದ್ರಿಕೆಯನ್ನು ಅದೇ ಊರಿನ ಇನ್ನೊಬ್ಬರಿಗೆ ಕೇಳಿಸಿ. ಎರಡು ಪದಗಳನ್ನು ಕ್ರಮ ಕಲಸಿ 10 ಸಲ ನುಡಿಸಿ, ಪ್ರತಿ ಸಲ ಅರ್ಥ ಕೇಳಿ. 9 ಅಥವಾ 10 ಸರಿಯಾದರೆ ಅದು ನಿಜವಾದ ಭೇದ. 5 ಅಥವಾ 6 ಬಂದರೆ ಅವರು ಊಹೆ ಮಾಡುತ್ತಿದ್ದಾರೆ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ.

ಕೇಳಿಸಿದ ವ್ಯತ್ಯಾಸವೆಲ್ಲ ಧ್ವನಿಮಾ ಅಲ್ಲ. ‘ಎಲೆ’ಯನ್ನು ‘ಯೆಲೆ’ ಎಂದೂ ‘ಒಲೆ’ಯನ್ನು ‘ವೊಲೆ’ ಎಂದೂ ಆಡಿದರೆ ಅರ್ಥ ಅಲುಗುವುದಿಲ್ಲ. ‘ಅಂಗಡಿ’, ‘ದಂಡ’, ‘ಅಂದ’, ‘ಅಂಬು’ ಇವುಗಳಲ್ಲಿ ಮೂಗಿನ ಧ್ವನಿ ನಾಲ್ಕು ಬಗೆಯಾಗಿ ಕೇಳಿಸುತ್ತದೆ. ಯಾವುದು ಬರಬೇಕೆಂದು ಮುಂದಿನ ವ್ಯಂಜನವೇ ಗೊತ್ತುಮಾಡುವುದರಿಂದ ಅಲ್ಲಿ ಆಯ್ಕೆಯಿಲ್ಲ. ಆಯ್ಕೆಯಿಲ್ಲದಲ್ಲಿ ಭೇದವೂ ಇಲ್ಲ. ನಮ್ಮ ಹಿರಿಯರು ಅಲ್ಲೆಲ್ಲ ಒಂದೇ ಸೊನ್ನೆ ಬರೆದು ಮುಗಿಸಿದರಲ್ಲ, ಧ್ವನಿಮಾ ಸಿದ್ಧಾಂತ ಕಟ್ಟಿದ ಟ್ರುಬೆಟ್ಸ್‌ಕೊಯ್ ಓದದೆಯೇ ಸರಿಯಾದ ವಿಶ್ಲೇಷಣೆ ಮಾಡಿದ್ದರು.

ಕೊನೆಯದಾಗಿ, ಒಂದು ಪದ ಅಜ್ಜಿಯ ಹವ್ಯಕ ಬಾಯಿಂದ, ಅದರ ಜೋಡಿ ಪಕ್ಕದ ಮನೆಯ ತುಳು ಬಾಯಿಂದ ತಂದು ಕೂರಿಸಬೇಡಿ. ನಿಮ್ಮ ಕಡೆ ಒಬ್ಬರೇ ಮೂರು ಭಾಷೆ ಆಡುವುದರಿಂದ ಈ ತಪ್ಪು ಗೊತ್ತೇ ಆಗದೆ ನುಸುಳುತ್ತದೆ. ಪ್ರತಿ ಪದದ ಮುಂದೆ ಯಾವ ಮಾತು ಎಂದು ಆಗಲೇ ಬರೆದಿಡಿ.

ಯಕ್ಷಗಾನ ಪ್ರಸಂಗಕ್ಕೆ ಜನಪದ ಕತೆಗಳ ರಚನೆ ಬಿಡಿಸಿದ ಪ್ರಾಪ್‌ನ 31 ಕಾರ್ಯಗಳನ್ನು (ಕತೆಯನ್ನು ಮುಂದೊಯ್ಯುವ ಘಟನೆಗಳ ಪಟ್ಟಿ) ಅನ್ವಯಿಸಿದೆ. ‘ಪಂಚವಟಿ’ಯಲ್ಲಿ 31 ಸಿಗಲಿಲ್ಲ, ಕ್ರಮವೂ ಕೂಡಲಿಲ್ಲ. ನನ್ನದು ತಪ್ಪೋ ಪ್ರಾಪ್‌ನದೋ?
(ಸಂಶೋಧನಾ ವಿದ್ಯಾರ್ಥಿ, ಕುಂಬಳೆ)

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಿಂದಲೇ ಈ ಪ್ರಶ್ನೆ ಬಂದದ್ದು ಚಂದ. ಇಬ್ಬರದೂ ತಪ್ಪಲ್ಲ. ಪ್ರಾಪ್ 1928ರಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು ರಷ್ಯದ 100 ಮಾಂತ್ರಿಕ ಕತೆಗಳನ್ನು. 31ನ್ನೂ ಒಂದೇ ಕತೆಯಲ್ಲಿ ಕಾಣಬೇಕೆಂದು ಅವನು ಹೇಳಿಲ್ಲ. ಬಂದವು ಅದೇ ಕ್ರಮದಲ್ಲಿ ಬರುತ್ತವೆ ಎಂದ. ಹಾಗಾಗಿ 31 ಸಿಗದಿರುವುದು ಸುದ್ದಿಯೇ ಅಲ್ಲ. ಕ್ರಮ ತಪ್ಪಿದ್ದೇ ಸುದ್ದಿ.

ಅವನ ಪಟ್ಟಿಯಲ್ಲಿ ಮೊದಲು ಮನೆಯವರೊಬ್ಬರು ದೂರ ಹೋಗುತ್ತಾರೆ, ಮುಂದೆ ಆರನೆಯದಾಗಿ ಖಳ ವಂಚಿಸುತ್ತಾನೆ. ಮಾಯಾಜಿಂಕೆಯ ಕತೆಯಲ್ಲಿ ವಂಚನೆಯೇ ಮೊದಲು. ರಾಮ ದೂರ ಹೋಗುವುದು ಅದರ ಫಲ. ‘ಸೀತೆಯನ್ನು ಬಿಟ್ಟು ಕದಲಬೇಡ’ ಎಂಬ ನಿಷೇಧ ಲಕ್ಷ್ಮಣನಿಗೆ. ಅವನು ಮುರಿದ ಮೇಲೆ, ಜನ ಹೇಳುವ ಕತೆಯಲ್ಲಿ, ಗೆರೆ ದಾಟಬಾರದೆಂಬ ಇನ್ನೊಂದು ನಿಷೇಧ ಸೀತೆಗೆ. ಅಂದರೆ ನಿಷೇಧ–ಉಲ್ಲಂಘನೆ ಎಂಬ ಜೋಡಿ ಎರಡು ಸುತ್ತು ತಿರುಗುತ್ತದೆ. ವಾಲ್ಮೀಕಿಯಲ್ಲಿ ಗೆರೆ ಇಲ್ಲ, ಆದ್ದರಿಂದ ಅಲ್ಲಿ ಒಂದೇ ಸುತ್ತು. ನಿಮ್ಮ ಪ್ರಬಂಧಕ್ಕೆ ತಿರುಳು ಸಿಕ್ಕಿತಲ್ಲ! ಪಟ್ಟಿಗೆ ಕತೆ ಹೊಂದಲಿ ಎಂದು ಘಟನೆಗಳನ್ನು ಹಿಂದೆ ಮುಂದೆ ಮಾಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಇನ್ನೊಂದು ಕಡೆ ಬಹಳ ಮಂದಿ ಜಾರುತ್ತಾರೆ. ‘ಖಳ’, ‘ದಾನಿ’, ‘ಸಹಾಯಕ’ ಮುಂತಾದ ಏಳು ಪಾತ್ರಗಳು ವ್ಯಕ್ತಿಗಳಲ್ಲ, ಕೆಲಸದ ಹೆಸರುಗಳು. ಒಬ್ಬನೇ ಎರಡು ಕೆಲಸ ಮಾಡಬಹುದು, ಒಂದು ಕೆಲಸವನ್ನು ಮೂವರು ಹಂಚಿಕೊಳ್ಳಬಹುದು. ಮಾರೀಚ ಖಳನ ಕೆಲಸದಲ್ಲಿ ಪಾಲುದಾರ ಅಷ್ಟೆ, ಆದರೆ ಅವನಿಗೇ ಬೇರೆ ಖಾನೆ ಕೊಟ್ಟವರಿದ್ದಾರೆ. ಶೂರ್ಪನಖಿಯಲ್ಲಿ ನಿಲ್ಲಿ: ಅವಳ ಮೂಗು ಹೋದದ್ದು ಯಾರ ಕತೆಯ ‘ಹಾನಿ’? ರಾವಣನ ಕಡೆಯಿಂದ ಎಣಿಸಿದರೆ ಇಡೀ ಪಟ್ಟಿ ಇನ್ನೊಮ್ಮೆ ಶುರುವಾಗುತ್ತದೆ.

ಪುರಾಣಗಳನ್ನು ಎದುರುಬದುರಿನ ಜೋಡಿಗಳಾಗಿ ಬಿಡಿಸಿದ ಮಾನವಶಾಸ್ತ್ರಜ್ಞ ಲೆವಿಸ್ಟ್ರಾಸ್‌ನ ಹಾದಿಯಲ್ಲಿ ಕಾಡು–ನಾಡು, ಗೆರೆಯ ಒಳಗೆ–ಹೊರಗೆ ಎಂದು ದ್ವಂದ್ವಗಳನ್ನು ಎಳೆಯುವುದಾದರೆ ಒಂದು ಪರೀಕ್ಷೆ ಇರಲಿ. ಒಂದು ಬದಿಯನ್ನು ಬದಲಿಸಿದರೆ ಕತೆಯ ಬೇರೊಂದು ಜಾಗವೂ ಬದಲಾಗಲೇಬೇಕಾಗುತ್ತದೆಯೇ? ಆಗದಿದ್ದರೆ ಅದು ದ್ವಂದ್ವವಲ್ಲ, ಎರಡು ಪದ ಅಷ್ಟೆ.

ಇವೆಲ್ಲ ಪಾಣಿನಿಯಲ್ಲೇ ಇರಲಿಲ್ಲವೇ?
(ನಿವೃತ್ತ ಸಂಸ್ಕೃತ ಅಧ್ಯಾಪಕರು, ನೀರ್ಚಾಲು)

ಸ್ವಲ್ಪ ಇತ್ತು, ಮಾಷ್ಟ್ರೇ. ಸೊಸ್ಯೂರ್ ಸಂಸ್ಕೃತ ಕಲಿಸಿದವನೇ. ಅವನ ಡಾಕ್ಟರೇಟ್ ವಿಷಯ ಸಂಸ್ಕೃತದ ಸತಿಷಷ್ಠಿ (ಷಷ್ಠಿ ವಿಭಕ್ತಿಯ ಒಂದು ವಿಶೇಷ ಬಳಕೆ). ಅಮೆರಿಕದ ರಚನಾವಾದಿ ಬ್ಲೂಮ್‌ಫೀಲ್ಡ್ ಪಾಣಿನಿಯನ್ನು ತಲೆಯ ಮೇಲೆ ಹೊತ್ತವನು. ‘ಅದರ್ಶನಂ ಲೋಪಃ’ ಎಂಬ ಸೂತ್ರ, ಕಾಣದಿರುವುದಕ್ಕೂ ವ್ಯಾಕರಣದಲ್ಲಿ ಜಾಗ ಕೊಟ್ಟದ್ದು, ರಚನಾವಾದಿಗಳ ‘ಶೂನ್ಯ’ಕ್ಕೆ ಬಲು ಹತ್ತಿರ. ಆದರೆ ಪಾಣಿನಿ ಒಂದು ಭಾಷೆಯ ಸರಿಯಾದ ರೂಪಗಳನ್ನು ಹುಟ್ಟಿಸುವ ಸೂತ್ರ ಕಟ್ಟಿದ. ‘ಚಿಹ್ನೆ ಎಂದರೇನು’ ಎಂಬ ಪ್ರಶ್ನೆ ಅವನದಲ್ಲ. ಅದಕ್ಕೆ ನಮ್ಮಲ್ಲಿ ‘ವಾಕ್ಯಪದೀಯ’ದ ಭರ್ತೃಹರಿಯ ಬಳಿ ಹೋಗಬೇಕು.

ರಚನಾವಾದ ಸತ್ತುಹೋಗಿದೆ ಎನ್ನುತ್ತಾರೆ. ಮತ್ತೆ ಯಾಕೆ ಓದಬೇಕು?
(ಹೆಸರು ಬೇಡ ಎಂದವರು, ಮಂಜೇಶ್ವರ)

ವಾಕ್ಯದ ಅಧ್ಯಯನದಲ್ಲಿ 1957ರಲ್ಲಿ ಚಾಮ್ಸ್ಕಿ ಬಂದ ಮೇಲೆ ಹಿಂದೆ ಸರಿದದ್ದು ನಿಜ. ಸಾಹಿತ್ಯದಲ್ಲಿ 1966ರ ಬಾಲ್ಟಿಮೋರ್ ಉಪನ್ಯಾಸದಲ್ಲಿ ಫ್ರೆಂಚ್ ಚಿಂತಕ ಡೆರಿಡಾ ಲೆವಿಸ್ಟ್ರಾಸ್‌ನ ಬುಡಕ್ಕೇ ಕೈಹಾಕಿದ: ರಚನೆಗೊಂದು ಕೇಂದ್ರವಿದೆ ಎನ್ನುತ್ತೀರಿ, ಆ ಕೇಂದ್ರ ಮಾತ್ರ ರಚನೆಯ ಆಟಕ್ಕೆ ಸಿಕ್ಕದೆ ಹೊರಗಿರುವುದು ಹೇಗೆ ಎಂದು. ಆದರೆ ಆ ಪ್ರಶ್ನೆ ಅರ್ಥವಾಗಬೇಕಾದರೂ ಮೌಲ್ಯವೆಂದರೇನೆಂದು ಗೊತ್ತಿರಬೇಕು. ಡೆರಿಡಾನ ಈ ಹಾದಿಯನ್ನು, ಅಂದರೆ ನಿರಚನೆಯನ್ನು, ಮೊದಲು ಓದಿ ರಚನೆಗೆ ಬಂದವರ ಪ್ರಬಂಧಗಳನ್ನು ನಾವು ಓದಿದ್ದೇವೆ, ಸುಖವಿಲ್ಲ. ಅತ್ತ ಲಿಪಿಯಿಲ್ಲದ ಮಾತನ್ನು ಮೊದಲ ಸಲ ಬರೆದಿಡಲು ಹೊರಟವರು ಇಂದಿಗೂ ಬಲೆ–ಬಳೆಗಳಂಥ ಜೋಡಿಯಿಂದಲೇ ಶುರು ಮಾಡುತ್ತಾರೆ.

‘ಧ್ವನಿ’, ‘ಧ್ವನಿಮಾ’ ಎಲ್ಲ ಒಂದೇ ಏನು ಎಂಬ ನಿಮ್ಮ ಪತ್ರದ ಕೊನೆಯ ಸಾಲಿನ ಗೊಂದಲಕ್ಕೆ: ಆನಂದವರ್ಧನನ ‘ಧ್ವನಿ’ ಎಂದರೆ ವ್ಯಂಗ್ಯಾರ್ಥ, ಭಾಷಾವಿಜ್ಞಾನದ ‘ಧ್ವನಿ’ ಎಂದರೆ ಕಿವಿಗೆ ಬೀಳುವ ಸದ್ದು, ‘ಧ್ವನಿಮಾ’ ಎಂದರೆ ಅರ್ಥಭೇದ ಮಾಡುವ ಘಟಕ. ಮೂರನ್ನೂ ಒಂದೇ ಪುಟದಲ್ಲಿ ಬಳಸುವುದಿದ್ದರೆ ಮೊದಲನೆಯದಕ್ಕೆ ‘ವ್ಯಂಗ್ಯ’ ಎಂದೇ ಬರೆಯಿರಿ.