ಬಿಎಸ್ಸಿ ನರ್ಸಿಂಗ್ ಈಗಷ್ಟೇ ಮುಗಿಯಿತು. ಕೆಲಸದ ಅನುಭವವಿಲ್ಲ, ರೆಸ್ಯೂಮ್‌ನಲ್ಲಿ ಏನು ಬರೆಯಲಿ?

ಕ್ಲಿನಿಕಲ್ ಪೋಸ್ಟಿಂಗ್‌ಗಳನ್ನೇ, ಅಂದರೆ ಓದುವಾಗ ಆಸ್ಪತ್ರೆಯಲ್ಲಿ ಮಾಡಿದ ತರಬೇತಿಯನ್ನೇ, ಬರೆಯಿರಿ. ನಾಲ್ಕು ವರ್ಷ ವಾರ್ಡ್ ಸುತ್ತಿದ್ದೀರಿ, ಅದು ಅನುಭವವೇ ಅಲ್ವಾ? ವಿದ್ಯಾರ್ಥಿಯಾಗಿದ್ದಾಗಿನದು ಅಂತ ಹೇಳಿದರಾಯಿತು.

ಸುಮ್ನೆ ‘ಐಸಿಯು ಗೊತ್ತು’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಐಸಿಯು, 4 ವಾರ: ವೈಟಲ್ಸ್ ಚಾರ್ಟ್ ಬರೆದೆ, ಸಕ್ಷನ್ ಮಾಡಿದೆ, ಸಿಸ್ಟರ್ ಎದುರಿಗೆ ಕ್ಯಾಥೆಟರ್ ಹಾಕಿದೆ’ ಎಂಬಂತೆ ಬರೆಯಿರಿ. ಹೊಸಬರಿಗೆ ಇನ್ನೆಷ್ಟು ಕಲಿಸಬೇಕು ಅನ್ನುವುದೇ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರ ಚಿಂತೆ. ಆ ಲೆಕ್ಕ ಇಲ್ಲಿ ಸಿಗುತ್ತದೆ. ಬರೀ ನೋಡಿದ್ದನ್ನು ಮಾಡಿದ್ದೇನೆ ಅನ್ನಬೇಡಿ. ಸಂದರ್ಶನದಲ್ಲಿ ಎರಡೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ.

ಹೆಸರಿನ ಕೆಳಗೇ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರಲಿ. ಇನ್ನೂ ಬಂದಿಲ್ಲವೇ? ‘ಅರ್ಜಿ ಹಾಕಿದೆ’ ಅನ್ನಿ. ತಂದೆಯ ಹೆಸರು, ಹವ್ಯಾಸ ಬೇಡ. ಒಂದು ಪುಟ ಸಾಕು.