ಅಕ್ಕೋರನ್ನ ಕೇಳ್ರಿ: ನಮ್ಮ ಪ್ರಾರ್ಥನಿ ಕಡಿಮಿ ಬಿತ್ತಾ?

ಪ್ರಶ್ನೆ: ಅಕ್ಕೋರ, ನಮ್ಮಣ್ಣ ಕಾಮಾಲಿ ಜಾಸ್ತಿಯಾಗಿ ಎರಡು ತಿಂಗಳ ಹಿಂದ ತೀರ್ಕೊಂಡ. ಇಡೀ ಸಭೆ ಉಪವಾಸ ಪ್ರಾರ್ಥನಿ ಮಾಡಿತ್ತು. ಮಣ್ಣಿಗೆ ಬಂದೋರೊಬ್ಬರು ನಮ್ಮವ್ವನ ಮುಂದನ "ನಿಮ್ಮ ಮನಿಯಾಗ ವಿಶ್ವಾಸ ಕಡಿಮಿ ಐತಿ, ಅದಕ್ಕ ಗುಣ ಆಗ್ಲಿಲ್ಲ" ಅಂದ್ರು. ಅವ್ವ ಅವತ್ತಿಂದ ಚರ್ಚಿಗೆ ಬರಾಕ ಒಲ್ಲೆ ಅಂತಾಳ. ಅವರು ಅಂದದ್ದು ಖರೇ ಏನ್ರಿ?
ಒಬ್ಬ ತಂಗಿ, ವಿಜಯಪುರ

ಉತ್ತರ: ಖರೇ ಅಲ್ಲ ತಂಗಿ. ಮೊದಲ ಇದನ್ನ ಹೇಳಿಬಿಡ್ತೀನಿ, ಉಳಿದದ್ದು ಆಮ್ಯಾಲ. ಹಿಂಗ ಅನ್ನೋರು ಬೈಬಲ್ ಕಂಕಳಾಗ ಇಟ್ಕೊಂಡ ಅಂತಾರಲ್ಲ, ಅದರಾಗ ಅಪೊಸ್ತಲ ಪೌಲ ಏನ್ ಬರದಾನ ಅಂತ ಒಂದ್ಸಲ ತಗದು ನೋಡ್ಬೇಕು, ಎಷ್ಟೋ ಮಂದಿನ್ನ ಗುಣ ಮಾಡಿದಾವ ಅವ, ಆದ್ರ ತನ್ನ ಮೈಯಾಗಿನ ಶೂಲ ತಗಿ ಅಂತ ಮೂರು ಸಲ ಬೇಡ್ಕೊಂಡ್ರೂ ತಗೀಲಿಲ್ಲ, ನನ್ನ ಕೃಪೆ ನಿನಗ ಸಾಕು ಅಂತ ಅಷ್ಟ ಉತ್ತರ ಬಂತು. ಜೋಡಿ ತಿರಗ್ತಿದ್ದ ತ್ರೊಫಿಮಗ ಜಡ್ಡಾಗಿತ್ತು, ಮಿಲೇತದಾಗ ಬಿಟ್ಟು ಬಂದೀನಿ ಅಂತ ತನ್ನ ಶಿಷ್ಯ ತಿಮೊಥೆಗೆ ಪತ್ರದಾಗ ಬರೀತಾನ. ಅದೇ ತಿಮೊಥೆಗೆ ಹೊಟ್ಟಿ ನೆಟ್ಟಗಿರ್ತಿರಲಿಲ್ಲ, ಅವಗ ಸ್ವಲ್ಪ ದ್ರಾಕ್ಷಾರಸ ತಗೋ ಅಂತಾನ, ಥೇಟ್ ನಮ್ಮ ಅಜ್ಜಿ ಮನಿಮದ್ದು ಹೇಳಿದಂಗ. ಪೌಲಗೂ ವಿಶ್ವಾಸ ಕಡಿಮಿ ಇತ್ತೇನು? (ದವಾಖಾನಿಗೆ ಹೋಗೋದ ಅವಿಶ್ವಾಸ ಅನ್ನೋರಿಗೂ ಒಂದ ಮಾತು, ಲೂಕನ್ನ ಪೌಲ ಕರಿಯೋದ ಪ್ರಿಯ ವೈದ್ಯ ಅಂತ.)

ಇನ್ನ ಯಾರ ತಪ್ಪಿಗೆ ಆತು ಅನ್ನೋ ಲೆಕ್ಕ. ಹುಟ್ಟುಕುರುಡನ್ನ ನೋಡಿ ಶಿಷ್ಯರು ಇದನ್ನ ಕೇಳ್ತಾರ, ಇವ ಪಾಪ ಮಾಡಿದ್ನೋ ಇವನ ಹಡದವರೋ ಅಂತ. ಯೇಸು ಎರಡೂ ಅಲ್ಲ ಅಂತಾನ. ಯೆರೂಸಲೇಮಿನ ಸಿಲೋವದಾಗ ಬುರುಜು ಬಿದ್ದು 18 ಮಂದಿ ಸತ್ತಾಗೂ ಅವರು ಊರಾಗಿನ ಉಳಿದವರಿಗಿಂತ ಕೆಟ್ಟವರಿದ್ರು ಅಂತ ತಿಳಕೋಬ್ಯಾಡ್ರಿ ಅಂದ.

ಹಂಗಾದ್ರ ನಮ್ಮಣ್ಣ ಯಾಕ ಉಳೀಲಿಲ್ಲ ಅಂತ ನೀ ಕೇಳ್ತಿ. ನನಗ ಗೊತ್ತಿಲ್ಲವಾ. ಗೊತ್ತೈತಿ ಅಂತ ಹೇಳಿದ್ರ ನಾನೂ ಆ ಮಣ್ಣಿಗೆ ಬಂದೋರ ಸಾಲಿನ್ಯಾಗ ನಿಂತಂಗ ಆಗ್ತೈತಿ. ಬೈಬಲ್‌ನ್ಯಾಗ ಮಕ್ಕಳು, ಆಸ್ತಿ ಎಲ್ಲಾ ಕಳಕೊಂಡ ಯೋಬನ್ನ ಮಾತಾಡ್ಸಾಕ ಬಂದ ಮೂರು ಮಂದಿ ಗೆಳೆಯಾರು ಏಳು ದಿನ ಏಳು ರಾತ್ರಿ ತುಟಿ ಬಿಚ್ಚದ ಅವನ ಜೋಡಿ ನೆಲದ ಮ್ಯಾಲ ಕುಂತಿದ್ರು, ಅವರು ಮಾಡಿದ ಒಳ್ಳೆ ಕೆಲಸ ಅದೊಂದ, ಬಾಯಿ ಬಿಟ್ಟು ನೀನ ಏನೋ ಪಾಪ ಮಾಡಿರಬೇಕು ಅನ್ನಾಕ ಶುರು ಮಾಡಿದ ಮ್ಯಾಲ ಎಲ್ಲಾ ಕೆಟ್ಟು ಹೋತು, ಕಡೀಗೆ ದೇವರು ಸಿಟ್ಟಾಗಿದ್ದು ಕೂಗಾಡಿದ ಯೋಬನ ಮ್ಯಾಲ ಅಲ್ಲ, ತನ್ನ ಪರ ವಕಾಲತ್ತು ಮಾಡಿದ ಆ ಮೂವರ ಮ್ಯಾಲ.

ಮಾರ್ಥಾ ಮರಿಯ ಇಬ್ಬರೂ ನಿನ್ನಂಗ ಅಣ್ಣತಮ್ಮನ್ನ ಕಳಕೊಂಡೋರು. ನೀ ಇಲ್ಲಿ ಇದ್ದಿದ್ರ ಲಾಜರ ಸಾಯ್ತಿರಲಿಲ್ಲ ಅಂತ ಯೇಸುನ ಮಾರಿ ಮುಂದನ ಇಬ್ಬರೂ ಅಂದ್ರು. ಅವ ಬೈಲಿಲ್ಲ, ಅತ್ತ. ಅವ್ವನ್ನ ಚರ್ಚಿಗೆ ಬಾ ಅಂತ ಜಗ್ಗಬ್ಯಾಡ. ಸಭೆಯಾಗ ಬಾಯಿ ಕಟ್ಟಿ ಕುಂದ್ರೋ ಯಾರಾದ್ರೂ ಹಿರೇ ಹೆಣಮಗಳು ಇದ್ರ ಮಧ್ಯಾಹ್ನ ಎರಡು ರೊಟ್ಟಿ ಕಟ್ಕೊಂಡ ಬಾ ಅಂತ ಹೇಳು, ಸಾಕು.

ಪ್ರಶ್ನೆ: ಅಕ್ಕೋರ, ಕಾಲೇಜಿನ್ಯಾಗ ಫ್ರೆಂಡ್ಸ್ "ನಿಮ್ಮ ಧರ್ಮ ಬ್ರಿಟಿಷ್ ಸೈನ್ಯದ ಬೆನ್ನ ಹಿಂದ ಬಂದದ್ದು" ಅಂತ ಕಾಡಸ್ತಾರ. ಏನ್ ಹೇಳ್ಲಿ?
ಬಿ.ಎ. ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ಖರೇ ಇದ್ದಷ್ಟು ಮೊದಲ ಒಪ್ಪಿಕೋ ತಮ್ಮಾ. ನಮ್ಮ ಬೆಳಗಾವಿದ ತಗೋ, 1818ಕ್ಕ ಊರಿನ ಕೋಟೆ ಬ್ರಿಟಿಷರ ಕೈಗೆ ಹೋತು, 1820ಕ್ಕ ಲಂಡನ್ ಮಿಷನ್‌ನೋರು ಬಂದ್ರು. ಎರಡ ವರ್ಷ. ಏನೂ ಸಂಬಂಧ ಇಲ್ಲ ಅಂದ್ರ ಯಾರ ನಂಬ್ತಾರ? ನಮ್ಮ ಮಂದಿ ದೇವರನ್ನ ಹೀಯಾಳಿಸಿ ಬರದ ಮಿಷನರಿಗಳೂ ಇದ್ರು, ಅದನ್ನೂ ಮುಚ್ಚಿಡಬ್ಯಾಡ.

ಆಮ್ಯಾಲ ಉಳಿದದ್ದು ಹೇಳು. ಈಸ್ಟ್ ಇಂಡಿಯಾ ಕಂಪನಿಯವರು ವ್ಯಾಪಾರಕ್ಕ ಅಡಚಣಿ ಆಗ್ತೈತಿ ಅಂತ ಮಿಷನರಿಗಳನ್ನ ದೂರನ ಇಟ್ಟಿದ್ರು, 1813ರ ಚಾರ್ಟರ್ ಕಾಯ್ದೆ ಬಂದ ಮ್ಯಾಲ ಬಾಗಲಾ ತೆರೀತು. 1834ಕ್ಕ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಬ್ರಿಟಿಷರದ್ದಲ್ಲ, ಸ್ವಿಟ್ಜರ್ಲೆಂಡ್‌ದ್ದು, ನಿಮ್ಮ ಕಾಲೇಜು ಲೈಬ್ರರಿಯಾಗ ಕಿಟೆಲ್ ನಿಘಂಟು ಇರ್ತೈತಲ್ಲ, 1894ರದ್ದು, ಆ ಕಿಟೆಲ್ ಜರ್ಮನಿಯಿಂದ ಇದೇ ಮಿಷನ್ ಕಡೆಯಿಂದ ಬಂದಾವ. ಕೇರಳದ ಸಿರಿಯನ್ ಕ್ರೈಸ್ತರಂತೂ ಬ್ರಿಟಿಷರಿಗಿಂತ ಸಾವಿರ ವರ್ಷ ಮೊದಲ ಅಲ್ಲಿದ್ರು. ಆದ್ರ ಗೆಲ್ಲಾಕಂತ ಹೇಳಬ್ಯಾಡ, ನಾಳೆ ಕ್ಯಾಂಟೀನಿನ್ಯಾಗ ಅವರ ಜೋಡೀನ ಚಾ ಕುಡೀಬೇಕು ನೀನು.

ಪ್ರಶ್ನೆ: ತಂದೆ, ಮಗ, ಪವಿತ್ರಾತ್ಮ ಅಂದ್ರ ಮೂರು ದೇವರಲ್ಲೇನು ಅಂತ ಬಾಜೂಮನಿ ಭಾಬಿ ಕೇಳ್ತಾರ್ರಿ.
ಗೋಕಾಕದ ಗೃಹಿಣಿ

ಉತ್ತರ: ಮೂರಲ್ಲ, ಒಬ್ಬನ. ತ್ರಯೇಕ ಅನ್ನೋ ಶಬ್ದ ಬೈಬಲ್‌ನ್ಯಾಗ ಇಲ್ಲ, ಇದನ್ನ ಹೆಂಗ ಹೇಳ್ಬೇಕು ಅಂತ 325ರ ನೈಸಿಯಾ ಸಭೆಯಿಂದ 381ರ ಕಾನ್‌ಸ್ಟಾಂಟಿನೋಪಲ್ ಸಭೆ ತನಕ ದೊಡ್ಡ ದೊಡ್ಡ ಬಿಷಪ್ಪರ ಗುದ್ದಾಡ್ಯಾರ, ಅಂದಮ್ಯಾಲ ಭಾಬಿಗೆ ತಿಳೀಲಿಲ್ಲ ಅಂದ್ರ ಅವರದೇನ ತಪ್ಪು ಹೇಳ್ರಿ. ನಮಗೂ ಪೂರಾ ತಿಳಿದಿಲ್ಲ ಅಂತನ ಅವರಿಗೆ ಹೇಳ್ರಿ. ಒಂದ ನೀರಿಗೆ ನೀರು, ಬರ್ಫ, ಉಗಿ ಅಂತ ಮೂರು ರೂಪ ಅನ್ನೋ ಉದಾಹರಣಿ ಮಾತ್ರ ಕೊಡಬ್ಯಾಡ್ರಿ. ಸಂಡೇ ಸ್ಕೂಲಿನ್ಯಾಗ ನಾನು ಭಾಳ ವರ್ಷ ಅದನ್ನ ಕಲಿಸ್ದೆ. ಒಂದಿನ ಹಿಂದಿನ ಸಾಲಿನ ಹುಡುಗ ಎದ್ದು ನಿಂತ, "ಅಕ್ಕೋರ, ಯೇಸು ಪ್ರಾರ್ಥನಿ ಮಾಡೋವಾಗ ಬರ್ಫ ನೀರಿನ ಜೋಡಿ ಮಾತಾಡ್ತಿತ್ತೇನ್ರಿ?" ಅಂದ. ಕ್ಲಾಸ್ ಎಲ್ಲಾ ನಕ್ತು, ನಾನೂ ನಕ್ಕೆ, ಉತ್ತರ ಹೊಳೀಲಿಲ್ಲ. ಮುಂದಿನ ವಾರ ಹೇಳ್ತೀನಿ ಅಂದಿದ್ದೆ. ಅವ ಮುಂದಿನ ವಾರ ಮರೀದ ಕೇಳ್ದ.