ಕೊಲೊನೋಸ್ಕೋಪಿ ಆದಮೇಲೂ ಕರುಳಿಗೆ ಎಂಆರ್‌ಐ ಯಾಕೆ?

ಕ್ರೋನ್ಸ್ (ಕರುಳಿನಲ್ಲಿ ಉರಿಯೂತ ತರುವ ದೀರ್ಘಕಾಲದ ಕಾಯಿಲೆ) ಇದೆ, ಕೊಲೊನೋಸ್ಕೋಪಿ ಆಗಿ ಇನ್ನೂ ತಿಂಗಳಾಗಿಲ್ಲ, ಅಷ್ಟರಲ್ಲೇ ಎಂಆರ್‌ಐಗೂ ಬರೆದುಕೊಟ್ಟಿದ್ದಾರೆ, ಒಂದೇ ಕಾಯಿಲೆಗೆ ಎರಡೆರಡು ಪರೀಕ್ಷೆ ಯಾಕೆ ಅಂತ ಕೇಳಿದ್ದೀರಿ. ಉರಿಯೂತ ಎಷ್ಟಿದೆ ಅನ್ನೋದು ಚಿತ್ರ ನೋಡಿದರೆ ಹೇಗೆ ಗೊತ್ತಾಗುತ್ತೆ ಅಂತಲೂ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಹನ್ನೊಂದು ವರ್ಷದಿಂದ ಈ ಕಾಯಿಲೆಯ ಜೊತೆ ಏಗುತ್ತಿರುವವನು, ನಾಲ್ಕು ಸಲ ಆ ಯಂತ್ರದೊಳಗೆ ಹೋಗಿ ಬಂದವನು.

ಕೊಲೊನೋಸ್ಕೋಪಿಯ ಕ್ಯಾಮೆರಾ ಇರುವ ಕೊಳವೆ ದೊಡ್ಡ ಕರುಳನ್ನು ದಾಟಿ ಸಣ್ಣ ಕರುಳಿನ ಕೊನೆಯ ಸ್ವಲ್ಪ ಭಾಗದವರೆಗೆ ಮಾತ್ರ ಹೋಗುತ್ತದೆ. ಅದರ ಮೇಲೆ ಮೀಟರುಗಟ್ಟಲೆ ಸಣ್ಣ ಕರುಳು ಉಳಿದೇ ಇರುತ್ತದೆ. ಇನ್ನೊಂದು ಮಾತು: ಕೊಳವೆಗೆ ಕಾಣುವುದು ಒಳಗಿನ ಪದರ ಅಷ್ಟೇ, ಅಂದರೆ ಗೋಡೆಯ ಗಾರೆ ಕಾಣುತ್ತದೆ, ಇಟ್ಟಿಗೆ ಕಾಣುವುದಿಲ್ಲ. ಕ್ರೋನ್ಸ್ ಇಟ್ಟಿಗೆಯವರೆಗೂ ಇಳಿಯುವ ಕಾಯಿಲೆ, ಕೆಲವೊಮ್ಮೆ ಗೋಡೆ ತೂರಿ ಆಚೆಗೂ ಹೋಗುತ್ತದೆ. ಅಲ್ಲಿ ಎಂಆರ್‌ಐ ಬೇಕು. ಅಲ್ಸರೇಟಿವ್ ಕೊಲೈಟಿಸ್ ಇರುವವರಿಗೆ ಇದನ್ನು ಅಷ್ಟಾಗಿ ಬರೆಯದಿರುವುದಕ್ಕೂ ಇದೇ ಕಾರಣ, ಅದು ದೊಡ್ಡ ಕರುಳಿನ ಒಳಪದರದ ಕಾಯಿಲೆ.

ಚಿತ್ರದಲ್ಲಿ ಅವರು ಮೊದಲು ನೋಡುವುದು ಗೋಡೆಯ ದಪ್ಪ. ಕರುಳು ಚೆನ್ನಾಗಿ ಹಿಗ್ಗಿದ್ದಾಗ ಗೋಡೆ 3 ಮಿಲಿಮೀಟರಿಗಿಂತ ದಪ್ಪ ಇದ್ದರೆ ಅನುಮಾನ ಶುರು. ಊತ ಇದ್ದರೆ ಅಲ್ಲಿ ನೀರು ಸೇರಿಕೊಂಡಿರುತ್ತದೆ, ಟಿ2 ಎನ್ನುವ ಬಗೆಯ ಚಿತ್ರಗಳಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ಹುಣ್ಣು ಇದೆಯೇ, ಸುತ್ತಲಿನ ಕೊಬ್ಬು ಕೆದರಿದ ಹಾಗಿದೆಯೇ, ಚಿತ್ರ ನಿಚ್ಚಳವಾಗಲೆಂದು ರಕ್ತನಾಳಕ್ಕೆ ಕೊಟ್ಟ ಗ್ಯಾಡೋಲಿನಿಯಮ್ ಔಷಧವನ್ನು ಗೋಡೆ ಎಷ್ಟು ಹೀರಿಕೊಂಡಿದೆ, ಇವನ್ನೂ ನೋಡುತ್ತಾರೆ. ಕರುಳಿಗೆ ಬರುವ ಸಣ್ಣ ರಕ್ತನಾಳಗಳು ಉಬ್ಬಿ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಕಂಡರೆ ಅದಕ್ಕೆ ‘ಕೋಂಬ್ ಸೈನ್’ ಅನ್ನುತ್ತಾರೆ. ನನ್ನ ಮೊದಲ ರಿಪೋರ್ಟಿನಲ್ಲಿ ಅದಿತ್ತು, ಏನೋ ಭಯಂಕರ ಅಂದುಕೊಂಡು ಒಂದು ರಾತ್ರಿ ನಿದ್ದೆಗೆಟ್ಟಿದ್ದೆ.

ಇದನ್ನೆಲ್ಲ ಅಂಕಿಯಲ್ಲಿ ಹೇಳುವ ಪದ್ಧತಿಯೂ ಇದೆ. ಬಾರ್ಸಿಲೋನಾದ ವೈದ್ಯರು 2009ರಲ್ಲಿ ‘ಮಾರಿಯಾ’ ಎಂಬ ಸ್ಕೋರ್ ತಂದರು. ಕರುಳಿನ ಒಂದೊಂದು ಭಾಗಕ್ಕೂ ಬೇರೆ ಲೆಕ್ಕ: ದಪ್ಪವನ್ನು 1.5ರಿಂದ ಗುಣಿಸಬೇಕು, ಊತಕ್ಕೆ 5, ಹುಣ್ಣಿಗೆ 10, ಔಷಧ ಹೀರಿದ್ದಕ್ಕೂ ಒಂದಿಷ್ಟು. 7 ಅಥವಾ ಹೆಚ್ಚು ಬಂದರೆ ಉರಿಯೂತ ಸಕ್ರಿಯ, 11 ಅಥವಾ ಹೆಚ್ಚು ಬಂದರೆ ತೀವ್ರ. 2019ರಲ್ಲಿ ಅದನ್ನೇ ಸುಲಭ ಮಾಡಿದರು: ದಪ್ಪ, ಊತ, ಕೊಬ್ಬಿನ ಬದಲಾವಣೆಗೆ ತಲಾ 1, ಹುಣ್ಣಿಗೆ 2. ಒಂದು ಬಂದರೂ ಸಕ್ರಿಯ, ಎರಡಾದರೆ ತೀವ್ರ. ನಿಮ್ಮ ರಿಪೋರ್ಟಿನಲ್ಲಿ ಅಂಕಿಯೇ ಇಲ್ಲದಿದ್ದರೆ ಗಾಬರಿ ಬೇಡ, ಎಷ್ಟೋ ಕಡೆ ಮಾತಿನಲ್ಲೇ ಬರೆಯುತ್ತಾರೆ.

ನೀವು ಡಾಕ್ಟರ ಹತ್ತಿರ ತಪ್ಪದೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಕರುಳು ಎಲ್ಲಾದರೂ ಕಿರಿದಾಗಿದೆ ಅಂತ ಬಂದರೆ, ಅದು ಊತದಿಂದಲೋ ಹಳೆಯ ಗಾಯದ ಕಲೆಯಿಂದಲೋ ಅಂತ ಕೇಳಿ. ಊತ ಔಷಧಿಗೆ ಇಳಿಯಬಹುದು. ಗಟ್ಟಿಯಾದ ಕಲೆಗೆ ಉರಿಯೂತದ ಔಷಧಿ ನಾಟುವುದಿಲ್ಲ, ಬಲೂನ್ ಹಾಕಿ ಹಿಗ್ಗಿಸುವುದೋ ಆಪರೇಷನ್ನೋ ಬೇಕಾಗಬಹುದು. ತೊಂದರೆ ಏನೆಂದರೆ ಸಾಮಾನ್ಯವಾಗಿ ಎರಡೂ ಬೆರೆತೇ ಇರುತ್ತವೆ, ಎಂಆರ್‌ಐಗೆ ಉರಿಯೂತ ಕಂಡಷ್ಟು ನಿಚ್ಚಳವಾಗಿ ಕಲೆ ಕಾಣುವುದಿಲ್ಲ. ಆದರೆ ಕಿರಿದಾದ ಜಾಗದ ಹಿಂದಿನ ಕರುಳು 3 ಸೆಂಟಿಮೀಟರಿಗಿಂತ ಹೆಚ್ಚು ಹಿಗ್ಗಿದ್ದರೆ ಅಡಚಣೆ ನಿಜಕ್ಕೂ ಇದೆ ಅಂತಲೇ ಲೆಕ್ಕ.

ನೋವಿಲ್ಲವಲ್ಲ, ಎಂಆರ್‌ಐ ಯಾಕೆ ಅಂತಲೂ ಅನ್ನಿಸಬಹುದು. ನನ್ನ ಮೂರನೇ ಎಂಆರ್‌ಐ ಹೊತ್ತಿಗೆ ಹೊಟ್ಟೆನೋವು ಅನ್ನುವುದೇ ಇರಲಿಲ್ಲ, ತೂಕವೂ ಏರಿತ್ತು. ಚಿತ್ರದಲ್ಲಿ ಗೋಡೆ ಊದಿಕೊಂಡೇ ಇತ್ತು. ಔಷಧಿ ಬದಲಾಯಿಸಿದರು. ನೋವಿಗೂ ಉರಿಯೂತಕ್ಕೂ ಈ ಕಾಯಿಲೆಯಲ್ಲಿ ಅಷ್ಟೇನೂ ಹೊಂದಾಣಿಕೆ ಇಲ್ಲ.

ಇನ್ನು ಆ ದಿನದ ಕಷ್ಟ. ಕೆಲವು ಗಂಟೆ ಉಪವಾಸ, ಆಮೇಲೆ ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಒಂದರಿಂದ ಒಂದೂವರೆ ಲೀಟರ್ ದ್ರವ ಕುಡಿಯಬೇಕು, ಕರುಳನ್ನು ಹಿಗ್ಗಿಸುವ ಮ್ಯಾನಿಟಾಲ್ ಥರದ್ದು. ಸಪ್ಪೆ ಸಿಹಿ, ವಾಕರಿಕೆ ತರಿಸುತ್ತದೆ. ಎರಡನೇ ಸಲ ನಾನು ಅರ್ಧ ಕುಡಿದು ಸಾಕು ಅಂದುಬಿಟ್ಟೆ. ಕರುಳು ಹಿಗ್ಗಲಿಲ್ಲ. ಮುದುಡಿದ ಕರುಳಿನ ಗೋಡೆ ಆರೋಗ್ಯವಾಗಿದ್ದರೂ ದಪ್ಪವಾಗೇ ಕಾಣುತ್ತದೆ, ಹಾಗಾಗಿ ರಿಪೋರ್ಟಿನಲ್ಲಿ ‘ಖಚಿತವಾಗಿ ಹೇಳಲಾಗದು’ ಅಂತ ಬರೆದರು. ಎಲ್ಲ ಮತ್ತೆ ಮೊದಲಿಂದ. ಆದ್ದರಿಂದ ಮೂಗು ಮುಚ್ಚಿಕೊಂಡಾದರೂ ಪೂರ್ತಿ ಕುಡಿಯಿರಿ. ಕರುಳಿನ ಅಲುಗಾಟ ನಿಲ್ಲಿಸಲು ಒಂದು ಇಂಜೆಕ್ಷನ್ ಕೊಡುವುದುಂಟು. ಒಳಗೆ ಹೇಳಿದಾಗಲೆಲ್ಲ ಉಸಿರು ಬಿಗಿಹಿಡಿಯಬೇಕು. ಮುಗಿದ ಮೇಲೆ ಕೆಲವು ಗಂಟೆ ಶೌಚಾಲಯದಿಂದ ದೂರ ಹೋಗಬೇಡಿ!

ಮೂತ್ರಪಿಂಡದ ತೊಂದರೆ, ಪೇಸ್‌ಮೇಕರ್, ದೇಹದೊಳಗೆ ಲೋಹ, ಗರ್ಭ, ಇವುಗಳಲ್ಲಿ ಯಾವುದಿದ್ದರೂ ಮೊದಲೇ ಹೇಳಿಬಿಡಿ. ಸಿಟಿ ಸ್ಕ್ಯಾನಿನಲ್ಲಿ ವಿಕಿರಣ ಇರುತ್ತದೆ, ಇದರಲ್ಲಿ ಇಲ್ಲ, ಜೀವಮಾನವಿಡೀ ಮತ್ತೆ ಮತ್ತೆ ಮಾಡಿಸಬೇಕಾದ ನಮ್ಮಂಥವರಿಗೆ ಅದೇ ದೊಡ್ಡ ಅನುಕೂಲ. ಹಳೆಯ ಎಂಆರ್‌ಐ ಇದ್ದರೆ ರಿಪೋರ್ಟ್ ಜೊತೆ ಚಿತ್ರಗಳ ಸಿಡಿಯನ್ನೂ ಒಯ್ಯಿರಿ. ಗೋಡೆ ಈಗ 5 ಮಿಲಿಮೀಟರ್ ಇದೆ ಅನ್ನುವುದಕ್ಕಿಂತ, ಹೋದ ಸಲ 8 ಇತ್ತು ಅನ್ನುವುದು ಅವರಿಗೆ ಹೆಚ್ಚು ಹೇಳುತ್ತದೆ.